ಕ್ಲಬ್ಬಿನ ಮಣ್ಣಿನ ಕೋರ್ಟು ರಿಪೇರಿ: ನವೆಂಬರಿನಿಂದ ಅಕ್ಟೋಬರಿನವರೆಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಊರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಟೆನಿಸ್ ಆಟವೂ ಅಷ್ಟಕ್ಕಷ್ಟೇ. ಆದರೆ ನಮ್ಮೂರ ಕ್ಲಬ್ಬಿನ ಟೆನಿಸ್ ಕೋರ್ಟು ನನಗೆ ಎಂಟನೇ ವಯಸ್ಸಿನಿಂದ ಗೊತ್ತು. ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು. ಸಂಜೆ ನಾನು ಚೆಂಡು ಹೆಕ್ಕುತ್ತಿದ್ದೆ. ಕೂಲಿ ಒಂದು ಬನ್ನು, ಒಂದು ಲೋಟ ಟೀ. ಕಾಫಿ ಸೀಮೆಯ ಕ್ಲಬ್ಬಲ್ಲಿ ಹುಡುಗರಿಗೆ ಟೀ ಯಾಕೆ ಕೊಡುತ್ತಿದ್ದರೋ ಇವತ್ತಿಗೂ ಅರ್ಥವಾಗಿಲ್ಲ.

ಊರು ಚಿಕ್ಕಮಗಳೂರು ಜಿಲ್ಲೆಯದು, ಸುತ್ತ ತೋಟ. ಕ್ಲಬ್ಬು ಬಿಳಿ ಪ್ಲಾಂಟರುಗಳ ಕಾಲದ್ದು. ಇಂಗ್ಲೆಂಡಿನಲ್ಲಿ ಮೇಜರ್ ವಿಂಗ್‌ಫೀಲ್ಡ್ ಅನ್ನೋರು ಲಾನ್ ಟೆನಿಸ್‌ಗೆ ಪೇಟೆಂಟ್ ತೆಗೆದುಕೊಂಡಿದ್ದು 1874ರಲ್ಲಿ. ಆಮೇಲೆ ಬ್ರಿಟಿಷರು ಹೋದಲ್ಲೆಲ್ಲ ಈ ಆಟವೂ ಹೋಯಿತು. ಬೆಂಗಳೂರು ದಂಡಿನಲ್ಲಿ ಅಷ್ಟೊತ್ತಿಗಾಗಲೇ 1868ರ ಬೆಂಗಳೂರು ಕ್ಲಬ್ ಇತ್ತು. ಭಾರತೀಯರಿಗೆ ಅಂತ ಒಂದು ಕ್ಲಬ್ಬು ಬೇಕು ಎಂದು ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ ಕಟ್ಟಿಸಿದ್ದು 1917ರಲ್ಲಿ. ನಮ್ಮಂಥ ಕಾಫಿ ಊರಿನ ಕ್ಲಬ್ಬುಗಳು ಇವುಗಳ ಬಡ ತಮ್ಮಂದಿರು. ಹೆಂಚಿನ ಮನೆ, ಒಂದು ಬಿಲಿಯರ್ಡ್ಸ್ ಮೇಜು, ಗೋಡೆ ಮೇಲೆ ಕಾಟಿ ಕೊಂಬು, ಹಿತ್ತಲಲ್ಲಿ ಒಂದು ಮಣ್ಣಿನ ಕೋರ್ಟು. ಒಳಗೆ ತೇಗದ ಹಲಗೆ ಮೇಲೆ ಗೆದ್ದವರ ಹೆಸರು ಬಂಗಾರದ ಬಣ್ಣದಲ್ಲಿ ಬರೆದಿದೆ. ಮೇಲಿನ ಅರ್ಧ ಪೂರ್ತಿ ಇಂಗ್ಲಿಷರು. ಸ್ವಾತಂತ್ರ್ಯ ಬಂದಮೇಲೆ ಕೆಳಗಿನ ಅರ್ಧದಲ್ಲಿ ನಮ್ಮವರು ಶುರುವಾಗುತ್ತಾರೆ. ಹದಿನೈದು ವರ್ಷದಿಂದ ಹೊಸ ಹೆಸರೇ ಇಲ್ಲ.

ಕೋರ್ಟು ಒಂದೇ ದಿನಕ್ಕೆ ಸತ್ತಿದ್ದಲ್ಲ. ಮೊದಲು ಬಲೆ ಹರಿಯಿತು. ಆಮೇಲೆ ಕೋರ್ಟು ನೋಡಿಕೊಳ್ಳುತ್ತಿದ್ದ ನೌಕರ, ಅಂದರೆ ಮಾರ್ಕರ್, ನಿವೃತ್ತರಾದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಆಮೇಲೆ ಮದುವೆ ಊಟದ ಪೆಂಡಾಲಿಗೆ ಗೂಟ ಹೊಡೆದರು. ಕೊನೆಗೆ ಅದು ಕಾರು ನಿಲ್ಲಿಸುವ ಜಾಗವಾಯಿತು. ಇಷ್ಟೂ ವರ್ಷ ಒಳಗಿನ ಇಸ್ಪೀಟು ಮೇಜು ಮಾತ್ರ ಒಂದು ದಿನ ಖಾಲಿ ಬಿದ್ದಿದ್ದಿಲ್ಲ.

ಈ ಕೋರ್ಟನ್ನು ಏನು ಮಾಡೋದು ಅಂತ ಸೇರಿದ ಮೊದಲ ಸಭೆಯಲ್ಲಿ ಮೂರು ಗುಂಪು. ಒಬ್ಬರು ಕಾಂಕ್ರೀಟ್ ಹಾಕಿ ಮೇಲೆ ನೀಲಿ ಅಕ್ರಿಲಿಕ್ ಬಳಿಸೋಣ ಅಂದರು. ಹುಡುಗರು ಪಿಕಲ್‌ಬಾಲ್ ಮಾಡೋಣ ಅಂದರು. ಪಿಕಲ್‌ಬಾಲ್ ಅಂಕಣ 44 ಅಡಿಗೆ 20 ಅಡಿ, ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಹಿಡಿಯುತ್ತದೆ, ಲೆಕ್ಕ ಸರಿಯೇ. ಆದರೆ ಆ ತೂತಿನ ಪ್ಲಾಸ್ಟಿಕ್ ಚೆಂಡು ಮಣ್ಣಿನ ಮೇಲೆ ಏಳುವುದಿಲ್ಲ, ಅದಕ್ಕೂ ಕಾಂಕ್ರೀಟೇ ಆಗಬೇಕು. ಮೂರನೇ ಗುಂಪು ಎಂದಿನಂತೆ ‘ಮುಂದಿನ ವರ್ಷ ನೋಡೋಣ’ ಗುಂಪು. ಕಾಂಕ್ರೀಟಿನ ಖರ್ಚು ಕೇಳಿದ ಮೇಲೆ ಮೊದಲಿನ ಎರಡೂ ಗುಂಪು ಮೂರನೆಯದಕ್ಕೆ ಸೇರಿಕೊಂಡವು. ನಾನು ಎದ್ದು, ಒಂದು ವರ್ಷ ನನಗೆ ಬಿಡಿ, ಇರುವ ಮಣ್ಣನ್ನೇ ಸರಿ ಮಾಡಿ ತೋರಿಸುತ್ತೇನೆ ಅಂದೆ. ಹೇಗೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ನವೆಂಬರ್: ಮೂರು ಗುಂಡಿ

ಮಳೆ ನಿಂತ ಮೇಲೆ ಮಾಡಿದ ಮೊದಲ ಕೆಲಸ ಅಗೆಯೋದು. ಕೋರ್ಟಿನ ಮೂರು ಕಡೆ ಒಂದಡಿ ಚೌಕ, ಒಂದೂವರೆ ಅಡಿ ಆಳ. ಕಾರು ನಿಲ್ಲುತ್ತಿದ್ದ ಕಡೆ ಪಿಕಾಸಿ ಬೇಕಾಯಿತು. ತಗ್ಗಿನ ಕಡೆ ಕೈಯಲ್ಲೇ ಬಂತು.

ಮೇಲೆ ಪಾಚಿ, ಗರಿಕೆ ಬೇರು, ನಾಚಿಕೆಮುಳ್ಳು. ಅದರ ಕೆಳಗೆ ಮೂರು ಇಂಚು ಗಟ್ಟಿ ಕೆಂಪು ಮಣ್ಣು, ಚಾಕುವಿನಲ್ಲಿ ಕೊಯ್ದರೆ ಬೆಣ್ಣೆಬಿಸ್ಕತ್ತಿನ ಹಾಗೆ ಅಂಚು ನಿಲ್ಲುತ್ತಿತ್ತು. ಅದರ ಕೆಳಗೆ ನಾನು ಎಣಿಸದೇ ಇದ್ದದ್ದು ಸಿಕ್ಕಿತು: ಎರಡೂವರೆ ಇಂಚಿನ ಒಂದು ಕಪ್ಪು ಪದರ. ಕೈಯಲ್ಲಿ ಹಿಡಿದರೆ ಹಗುರ, ಮೈಯೆಲ್ಲ ತೂತು. ಕಲ್ಲಿದ್ದಲು ಉರಿದು ಉಳಿದ ಕಿಟ್ಟ! ಅದರ ಕೆಳಗೆ ಒಡೆದ ಕಲ್ಲು.

ನಮ್ಮೂರಿಗೆ ರೈಲೇ ಇಲ್ಲ. ಉಗಿಬಂಡಿ ಕಾಲದಲ್ಲಿ ಕಡೂರು, ಬೀರೂರು ಕಡೆಯಿಂದ ಎತ್ತಿನ ಗಾಡಿಯಲ್ಲಿ ತಂದಿರಬೇಕು, ಇದು ನನ್ನ ಊಹೆ. ಆದರೆ ಯಾಕೆ ಹಾಕಿದರು ಅನ್ನೋದು ಊಹೆಯಲ್ಲ. ಮಳೆ ನೀರು ಈ ತೂತುಗಳಲ್ಲಿ ಇಳಿದು ಪಕ್ಕಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಇದೇ ಪದರ ಸ್ವಲ್ಪ ತೇವ ಹಿಡಿದಿಟ್ಟು ಮೇಲಿನ ಮಣ್ಣು ಪುಡಿಯಾಗದ ಹಾಗೆ ನೋಡಿಕೊಳ್ಳುತ್ತದೆ. ಪ್ಯಾರಿಸ್ಸಿನ ರೋಲಾಂ ಗ್ಯಾರೋ ಕೋರ್ಟುಗಳ ಒಳಗೂ ಇದೇ ಇದೆ. ಕೆಳಗೆ ಕಲ್ಲು, ಅದರ ಮೇಲೆ ಕಲ್ಲಿದ್ದಲ ಕಿಟ್ಟ, ಅದರ ಮೇಲೆ ಸುಣ್ಣಕಲ್ಲಿನ ಪುಡಿ. ಟಿವಿಯಲ್ಲಿ ನಮಗೆ ಕಾಣುವ ಆ ಕೆಂಪು ಇಟ್ಟಿಗೆ ಪುಡಿ ಕೊನೆಗೆ ಒಂದೆರಡು ಮಿಲಿಮೀಟರ್ ಅಷ್ಟೇ, ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಆ ಪುಡಿ ಶುರುವಾದದ್ದೂ ತಮಾಷೆಯೇ. 1880ರ ಸುಮಾರಿಗೆ ಫ್ರಾನ್ಸಿನ ಕಾನ್ ಊರಲ್ಲಿ ಬಿಸಿಲಿಗೆ ಹುಲ್ಲು ಒಣಗಿಹೋಗುತ್ತಿತ್ತು. ರೆನ್‌ಷಾ ಅಣ್ಣತಮ್ಮಂದಿರು ಪಕ್ಕದ ಊರಿನ ಒಡೆದ ಮಣ್ಣಿನ ಪಾತ್ರೆಗಳನ್ನು ಪುಡಿ ಮಾಡಿಸಿ ಹುಲ್ಲಿನ ಮೇಲೆ ಹರಡಿಸಿದರಂತೆ.

ಮೂರನೇ ಗುಂಡಿ ತಗ್ಗಿನ ಮೂಲೆಯದು. ಅಲ್ಲಿ ಹತ್ತು ಇಂಚು ಕೆಳಗೆ ನೀರು. ಮಳೆ ನಿಂತು ಮೂರು ವಾರವಾಗಿತ್ತು! ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್ ತಂದು ಎಳೆದು ನೋಡಿದೆವು. ಕೋರ್ಟು ಪಶ್ಚಿಮಕ್ಕೆ ಇಳಿಜಾರು. ಹಳಬರು ಲೆಕ್ಕ ಹಾಕಿಯೇ ಮಾಡಿದ್ದಾರೆ, 60 ಅಡಿ ಅಗಲಕ್ಕೆ ಎರಡು ಇಂಚು ಇಳಿತ. ಆದರೆ ನೀರು ಹೊರಗೆ ಹೋಗಬೇಕಾದ ಅದೇ ಪಶ್ಚಿಮದ ಅಂಚಿಗೆ ಯಾವುದೋ ಹಳೇ ಕಮಿಟಿ ಓಡಾಡಲು ಸಿಮೆಂಟು ದಾರಿ ಹಾಕಿಸಿತ್ತು, ಕೋರ್ಟಿಗಿಂತ ನಾಲ್ಕಿಂಚು ಎತ್ತರಕ್ಕೆ. ದಾರಿ ಚೆನ್ನಾಗಿತ್ತು. ಕೋರ್ಟು ಕೆರೆಯಾಯಿತು.

ಹಾಗಾಗಿ ಮೊದಲ ರಿಪೇರಿ ಕೋರ್ಟಿನದ್ದಲ್ಲ, ದಾರಿಯದ್ದು. ಐದು ಕಡೆ ಸಿಮೆಂಟು ಒಡೆದು ನಾಲ್ಕಿಂಚಿನ ಪೈಪು ಹಾಯಿಸಿದೆವು. ಕೋರ್ಟಿನ ಅಂಚಿಗೆ ಒಂದಡಿ ಆಳದ ಚರಂಡಿ ತೋಡಿ ಜಲ್ಲಿ ತುಂಬಿದೆವು. ಎರಡನೇ ದಿನಕ್ಕೇ ಮೂರನೇ ಗುಂಡಿ ಖಾಲಿ. ಇಷ್ಟು ಮಾಡಿ ಕೈ ಬಿಟ್ಟಿದ್ದರೂ ಅರ್ಧ ಕೆಲಸ ಆದ ಹಾಗೆ ಅನ್ನಿಸಿತು.

ಡಿಸೆಂಬರ್, ಜನವರಿ: ಗುಂಡುಕಲ್ಲು, ಅಜ್ಜ, ಬಾಟಲಿ

ಈ ತಿಂಗಳುಗಳಲ್ಲಿ ಕಾಫಿ ಕೊಯ್ಲು. ಊರಲ್ಲಿ ಒಂದು ಆಳು ಸಿಗುವುದಿಲ್ಲ. ಹಾಗಾಗಿ ಒಬ್ಬನೇ ಮಾಡಬಹುದಾದ ಕೆಲಸ ಹಿಡಿದೆ.

ರೋಲರ್ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೆ. ಅದು ದಿನಾ ಕಣ್ಣೆದುರೇ ಇತ್ತು. ಗೇಟಿನ ಪಕ್ಕ ಬಿಳಿ, ಕೆಂಪು ಬಣ್ಣ ಬಳಿದು ಅಲಂಕಾರಕ್ಕೆ ನಿಲ್ಲಿಸಿದ್ದರು. ಒಂದೇ ಕಲ್ಲಿನ ಗುಂಡು, ಎರಡಡಿ ದಪ್ಪ, ಮೂರಡಿ ಅಗಲ. ಲೆಕ್ಕ ಹಾಕಿದರೆ ಒಂಬತ್ತು ಘನ ಅಡಿ ಚಿಲ್ಲರೆ, ಅಂದರೆ ಸುಮಾರು 700 ಕೆ.ಜಿ. ಚೌಕಟ್ಟು ಗುಜರಿಗೆ ಹೋಗಿತ್ತು. ಎರಡೂ ಕಡೆಯ ಕಬ್ಬಿಣದ ಗೂಟ ಅಲ್ಲಾಡುತ್ತಿದ್ದವು.

ಹಳೇ ಕಾಲದಲ್ಲಿ ಗೂಟದ ಸುತ್ತ ಸೀಸ ಕರಗಿಸಿ ಹೊಯ್ಯುತ್ತಿದ್ದರು. ಹಾಗೇ ಮಾಡೋಣ ಎಂದು ಲೇತ್ ಅಂಗಡಿಯವನೂ ನಾನೂ ಹೊರಟೆವು. ಇದನ್ನು ಓದಿ ಯಾರಾದರೂ ಮಾಡಹೊರಟರೆ ದಯವಿಟ್ಟು ಕೇಳಿ: ಕಲ್ಲಿನ ತೂತು ಒದ್ದೆ ಇದ್ದರೆ ಬಿಸಿ ಸೀಸ ಬಿದ್ದ ತಕ್ಷಣ ನೀರು ಉಗಿಯಾಗಿ ಸೀಸವನ್ನು ಮುಖಕ್ಕೇ ಉಗುಳುತ್ತದೆ. ನಮಗೆ ಒಗ್ಗರಣೆ ಸಿಡಿದ ಹಾಗೆ ಸಿಡಿಯಿತು. ಅಂಗಿ ಮೇಲೆ ನಾಲ್ಕು ತೂತು ಬಿತ್ತು, ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಸೀಸ ಅಲ್ಲಿಗೇ ಬಿಟ್ಟೆ. ಹಳೆಯದನ್ನು ಉಳಿಯಿಂದ ಕಿತ್ತು, ತೂತು ಒಣಗಿಸಿ, 40 ಮಿಲಿಮೀಟರಿನ ಹೊಸ ಸರಳು ಇಟ್ಟು ಇಪಾಕ್ಸಿ ತುಂಬಿದೆ. ನಡು ಸರಿಯಾಗಿ ಬರಲಿ ಎಂದು ಕಲ್ಲನ್ನು ನಿಲ್ಲಿಸಿ ತೂಗುಗುಂಡು ಬಿಟ್ಟು ನೋಡಿಕೊಂಡೆ. ಎರಡು ಪಿಲ್ಲೋ ಬ್ಲಾಕ್ ಬೇರಿಂಗ್, ಒಂದು ಆಂಗಲ್ ಕಬ್ಬಿಣದ ಚೌಕಟ್ಟು. ಈಗ ನಾಲ್ಕು ಜನ ಆರಾಮಾಗಿ ಎಳೆಯಬಹುದು.

ಇನ್ನು ಮಾರ್ಕರ್ ಅಜ್ಜ. ಹೊಸಬರಿಗೆ ಮಾರ್ಕರ್ ಅಂದರೆ ಬಿಳಿ ಹಲಗೆ ಮೇಲೆ ಬರೆಯುವ ಪೆನ್ನು. ಕ್ಲಬ್ಬುಗಳಲ್ಲಿ ಮಾರ್ಕರ್ ಅಂದರೆ ಕೋರ್ಟಿಗೆ ನೀರು ಹಾಕುವ, ಗೆರೆ ಎಳೆಯುವ, ಜೊತೆ ಸಿಗದ ಸದಸ್ಯರ ಎದುರು ಆಡುವ ನೌಕರ. ಸಾಮಾನ್ಯವಾಗಿ ಊರಿನ ಒಳ್ಳೇ ಆಟಗಾರ ಅವನೇ ಆಗಿರುತ್ತಿದ್ದ. ತೇಗದ ಹಲಗೆ ಮೇಲೆ ಅವನ ಹೆಸರು ಇರುತ್ತಿರಲಿಲ್ಲ, ಅಷ್ಟೇ.

ನಮ್ಮ ಅಜ್ಜನಿಗೆ ಈಗ ಎಂಬತ್ತು ದಾಟಿದೆ. ಮೊದಲು ಬರಲ್ಲ ಅಂದರು. ಎರಡನೇ ಸಲ ಹೋದಾಗ, ಅಪ್ಪನ ಹೆಸರು ಹೇಳಿದ ಮೇಲೆ ಬಂದರು. ಚಪ್ಪಲಿ ಬಿಟ್ಟು ಕೋರ್ಟಿನ ಮೇಲೆ ಒಂದು ಸುತ್ತು ನಡೆದರು. ನಾನು ಗುಂಡಿ, ಕಿಟ್ಟದ ಪದರ, ಪ್ಯಾರಿಸ್ಸು ಎಲ್ಲ ವಿವರಿಸಿದೆ. ಕೇಳಿಸಿಕೊಂಡು, ‘ಅದೆಲ್ಲ ಇರ್ಲಿ. ಇದು ಕಣ ಕಣಪ್ಪ. ಕಣ ಮಾಡೋಕೆ ಬಂದ್ರೆ ಕೋರ್ಟು ಮಾಡೋಕೆ ಬಂದಂಗೆ’ ಅಂದರು.

ಸರಿ ಅಲ್ವಾ? ಭತ್ತ ಬಡಿಯುವ ಕಣ, ಕಾಫಿ ಒಣಗಿಸುವ ಕಣ. ನೆಲ ಕೆತ್ತಿ, ನೀರು ಹಾಕಿ, ದನ ತುಳಿಸಿ, ಗುಂಡು ಹೊಡೆದು, ಸೆಗಣಿ ಸಾರಿಸುತ್ತಾರೆ. ಬಿರುಕು ಬಿಡಬಾರದು, ಧೂಳೇಳಬಾರದು, ನೀರು ನಿಲ್ಲಬಾರದು. ಟೆನಿಸ್ ಕೋರ್ಟಿಗೆ ಬೇಕಾದ್ದೂ ಈ ಮೂರೇ. ಸಾಹೇಬರು ಅಳತೆ ಕೊಟ್ಟಿರಬಹುದು. ಮಾಡಿದವರು ಕಣ ಮಾಡಿ ಗೊತ್ತಿದ್ದವರು. ಕ್ಲಬ್ಬಿನ ಬೇಲಿಯ ಆಚೆ ಊರ ಹುಡುಗರು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು, ಹಳದಿ ಉಣ್ಣೆ ಚೆಂಡು, ಐದೈದು ಜನ. ಅದು ತಂಜಾವೂರಿನಲ್ಲಿ ಹುಟ್ಟಿದ ಆಟ. ಆ ಅಂಕಣವನ್ನೂ ಸೆಗಣಿ ಸಾರಿಸಿ ಇವರೇ ಇಟ್ಟುಕೊಂಡಿದ್ದರು. ಅಜ್ಜನನ್ನು ಒಬ್ಬ ಸದಸ್ಯರು ಮಾರ್ಕರ್ ಕೆಲಸಕ್ಕೆ ಕರೆದದ್ದು ಅಲ್ಲಿ ಅವರ ಆಟ ನೋಡಿ.

ಅಜ್ಜ ಹೇಳಿದ ಮಣ್ಣು: ಕೆಮ್ಮಣ್ಣು, ಕೆರೆ ಗೋಡು, ಮರಳು, ಇಟ್ಟಿಗೆ ಪುಡಿ. ಪಾಲು ಕೇಳಿದರೆ, ‘ಕೈಗೆ ಗೊತ್ತಾಗ್ತದೆ’. ನನ್ನ ಕೈಗೆ ಗೊತ್ತಾಗಲಿಲ್ಲ. ಹಾಗಾಗಿ ಬಾಟಲಿ ತಂದೆ.

ಇದು ಸುಲಭದ ಪರೀಕ್ಷೆ, ಯಾರು ಬೇಕಾದರೂ ಮಾಡಬಹುದು. ಅಗಲ ಬಾಯಿಯ ಗಾಜಿನ ಬಾಟಲಿಗೆ ಅರ್ಧ ಮಣ್ಣು, ಮುಕ್ಕಾಲಿನ ತನಕ ನೀರು, ಒಂದು ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಡಬೇಕು. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕೆಲವು ಗಂಟೆಯಲ್ಲಿ ನಯವಾದ ಹೂಳು. ಜೇಡಿ ಕೂರಲು ಮಾರನೇ ದಿನ ಬೇಕು. ಪಕ್ಕದಿಂದ ಪಟ್ಟಿ ಹಿಡಿದು ಪದರಗಳನ್ನು ಅಳೆದರೆ ಪಾಲು ಸಿಗುತ್ತದೆ. ಗುಂಡಿಯಲ್ಲಿ ಸಿಕ್ಕಿದ ಹಳೇ ಮಣ್ಣನ್ನೇ ಮಾದರಿ ಮಾಡಿಕೊಂಡೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮರಳು ಮತ್ತು ಇಟ್ಟಿಗೆ ಪುಡಿ, ಕಾಲು ಭಾಗದ ಹತ್ತಿರ ಜೇಡಿ, ಉಳಿದದ್ದು ಹೂಳು. ಅಂಗಡಿ ಕಿಟಕಿಯಲ್ಲಿ ಹನ್ನೊಂದು ಬಾಟಲಿ ಸಾಲಾಗಿ ನಿಂತಿದ್ದವು. ಬಂದವರೆಲ್ಲ ಉಪ್ಪಿನಕಾಯಿ ಮಾರಾಟ ಯಾವಾಗಿಂದ ಅಂತ ಕೇಳಿದರು.

ಮಾರ್ಚ್: ಒಂದು ಸಲ ಕೆಡಿಸಿದ್ದು, ಒಂದು ಸಲ ಮಾಡಿದ್ದು

ಕೊಯ್ಲು ಮುಗಿದು ಆಳು ಸಿಕ್ಕಿದರು. ಮೇಲಿನ ಒಂದಿಂಚು ಕೆತ್ತಿ ತೆಗೆದೆವು. ಗರಿಕೆ ಬೇರು ಒಂದು ತುಂಡು ಉಳಿದರೂ ವಾಪಸ್ಸು ಬರುತ್ತದೆ, ಹಾಗಾಗಿ ಕೂತು ಆರಿಸಿದ್ದೇ ನಾಲ್ಕು ದಿನ. ಪೂರ್ವದ ಅಂಚಿನ ಸಿಲ್ವರ್ ಓಕ್ ಬೇರು ಹನ್ನೆರಡು ಅಡಿ ಒಳಗೆ ಬಂದಿತ್ತು. ಅದನ್ನು ಕಡಿದು ತಗಡು ನಿಲ್ಲಿಸಿದೆವು.

ಎಷ್ಟು ಮಣ್ಣು ಬೇಕು? ಆಡುವ ಗೆರೆಗಳ ಆಚೆಯ ಜಾಗವೂ ಸೇರಿ 120 ಅಡಿಗೆ 60 ಅಡಿ, ಅಂದರೆ 7,200 ಚದರಡಿ. ಒಂದಿಂಚು ದಪ್ಪಕ್ಕೆ 600 ಘನ ಅಡಿ. ಸಡಿಲ ಮಣ್ಣು ಗುಂಡು ಹೊಡೆದ ಮೇಲೆ ಕುಗ್ಗುತ್ತದೆ, ಅದಕ್ಕೆ ಮೂರನೇ ಒಂದು ಭಾಗ ಜಾಸ್ತಿ. ನೂರು ಘನ ಅಡಿಯ ಟ್ರ್ಯಾಕ್ಟರ್ ಲೆಕ್ಕದಲ್ಲಿ ಎಂಟು ಲೋಡು. ಹಳೇ ಹೆಂಚು, ಒಡೆದ ಇಟ್ಟಿಗೆ ಊರಲ್ಲಿ ಬೇಕಾದಷ್ಟು ಬಿದ್ದಿತ್ತು. ಹಿಟ್ಟಿನ ಗಿರಣಿಯವರು ಬೈದು ಕಳಿಸಿದ ಮೇಲೆ ಒಂದು ಸಣ್ಣ ಕ್ರಷರ್ ಬಾಡಿಗೆಗೆ ತಂದು ಪುಡಿ ಮಾಡಿಸಿದೆವು. ಎಲ್ಲವನ್ನೂ ಜರಡಿ ಹಿಡಿದೆವು.

ಮೊದಲ ಸಲ ಉತ್ತರದ ಅರ್ಧಕ್ಕೆ ಮಾತ್ರ ಹಾಕಿದೆವು. ನನ್ನದು ಎರಡು ತಪ್ಪು. ಗೋಡು ನೋಡಲು ರೇಷ್ಮೆಯ ಹಾಗಿತ್ತು, ಆಸೆಗೆ ಜಾಸ್ತಿ ಸೇರಿಸಿದೆ. ಬೆಳಗ್ಗೆ ನೀರು ಹಾಕಿ ಮಧ್ಯಾಹ್ನವೇ ಗುಂಡು ಎಳೆಸಿದೆ. ಕಲ್ಲಿಗೆ ಮಣ್ಣು ಅಂಟಿ ಹಂಚಿನಿಂದ ರೊಟ್ಟಿ ಎದ್ದ ಹಾಗೆ ಹಾಳೆ ಹಾಳೆ ಎದ್ದು ಬಂತು. ಹೇಗೋ ಕೂರಿಸಿದೆವು. ಮೂರನೇ ದಿನ ಬಿಸಿಲಿಗೆ ಬಿರುಕು. ಐದನೇ ದಿನ ಬತ್ತಿದ ಕೆರೆ ಅಂಗಳ. ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ನಿಲ್ಲಿಸಿ ಫೋಟೊ ತೆಗೆದವರು ಇಸ್ಪೀಟು ಮೇಜಿನ ಕಡೆಯವರು.

ಅಜ್ಜ ಬೈಯಲಿಲ್ಲ. ‘ಗೋಡು ನೀರು ಕುಡಿದು ಉಬ್ಬುತ್ತೆ, ಒಣಗಿ ಮುದುಡುತ್ತೆ. ಮರಳು ಎರಡಕ್ಕೂ ಜಗ್ಗಲ್ಲ’ ಅಂದರು. ಅಷ್ಟೂ ಕೆತ್ತಿ, ಹೆಂಟೆ ಒಡೆದು, ಎರಡು ಲೋಡು ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿದೆವು. ಈ ಸಲ ಒಂದಿಂಚನ್ನು ಒಂದೇ ಏಟಿಗೆ ಹಾಕಲಿಲ್ಲ, ಅರ್ಧರ್ಧ ಇಂಚಿನ ಎರಡು ಪದರ. ಕೆಳಗಿನ ಹಳೇ ಮಣ್ಣನ್ನು ಹಲುಬೆಯಿಂದ ಗೀರಿ ಒದ್ದೆ ಮಾಡಿಕೊಂಡೆವು, ಇಲ್ಲದಿದ್ದರೆ ಹೊಸದು ಹಳೆಯದಕ್ಕೆ ಕಚ್ಚುವುದಿಲ್ಲ.

ಗುಂಡು ಯಾವಾಗ ಎಳೆಯಬೇಕು ಅನ್ನೋದಕ್ಕೆ ಅಜ್ಜನ ಅಳತೆ ಹಿಮ್ಮಡಿ. ಬರಿಗಾಲಲ್ಲಿ ನಿಂತು ಹಿಮ್ಮಡಿ ತಿರುಗಿಸಬೇಕು. ಮಣ್ಣು ಅಂಟಿ ಬಂದರೆ ಬೇಗ. ಪುಡಿ ಎದ್ದರೆ ತಡ. ಗುರುತು ಬಿದ್ದು ಮಣ್ಣು ಕಾಲಿಗೆ ಬರದಿದ್ದರೆ ಹೊತ್ತು ಸರಿ. ಆ ಹೊತ್ತು ದಿನಕ್ಕೆ ಒಂದೂವರೆ ಗಂಟೆ ಸಿಗುತ್ತಿತ್ತು, ಅಷ್ಟೇ. ತಗ್ಗಿನ ಕಡೆಯಿಂದ ಶುರು ಮಾಡಿ ಎತ್ತರಕ್ಕೆ, ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ತುಳಿಯುವ ಹಾಗೆ. ಮಾರನೇ ದಿನ ಅಡ್ಡಕ್ಕೆ. ಹನ್ನೊಂದು ದಿನ ಎಳೆದೆವು. ಹತ್ತಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ಕೆಳಗೆ ಕಾಲಿಂಚಿನ ಕಡ್ಡಿ ತೂರಿದ ಕಡೆಯೆಲ್ಲ ಮಣ್ಣು ಹಾಕಿ ಮತ್ತೆ ಎಳೆದೆವು.

ಕೊನೆಗೆ ತೆಳ್ಳಗೆ ಸೆಗಣಿ ನೀರು. ಇದಕ್ಕೆ ಕಮಿಟಿಯ ಒಬ್ಬರು ಮುಖ ಸಿಂಡರಿಸಿದರು. ಅವರ ಮನೆಯ ಕಾಫಿ ಕಣಕ್ಕೆ ಮೊನ್ನೆ ಮೊನ್ನೆ ತನಕ ಅದನ್ನೇ ಸಾರಿಸುತ್ತಿದ್ದರು ಅನ್ನೋದು ಊರಿಗೆಲ್ಲ ಗೊತ್ತು.

ಉಪ್ಪಿನ ವಿಷಯ ಬಿಟ್ಟರೆ ಅನ್ಯಾಯ. ವಿದೇಶದ ಮಣ್ಣಿನ ಕೋರ್ಟುಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಎರಚುತ್ತಾರೆ. ಅದು ಗಾಳಿಯ ತೇವ ಎಳೆದುಕೊಂಡು ಧೂಳು ಕೂರಿಸುತ್ತದೆ. ಅಜ್ಜ ಕಲ್ಲುಪ್ಪು ಎರಚುತ್ತಿದ್ದರಂತೆ, ಕಳೆಯೂ ಏಳಲ್ಲ ಅಂತ. ಒಂದು ಮೂಟೆ ಎರಚಿದೆ. ರಾತ್ರಿ ಬೇಲಿ ಮುರಿದು ಆರು ದನ ಬಂದು ನೆಲ ನೆಕ್ಕಿ, ಹೊಸ ಕೋರ್ಟಿನ ಮೇಲೆಲ್ಲ ಗೊರಸಿನ ಗುರುತು. ಕಣಕ್ಕೆ ದನ ತುಳಿಸೋದು ಕೆಲಸದ ಮೊದಲಿಗೆ, ಕೊನೆಗಲ್ಲ! ಮತ್ತೆ ಮೂರು ದಿನ ಗುಂಡು.

ಏಪ್ರಿಲ್: ಅಳತೆ, ಗೆರೆ, ಬಲೆ

ಅಳತೆ ಎಲ್ಲರಿಗೂ ಸಿಗುತ್ತದೆ: ಉದ್ದ 78 ಅಡಿ, ಡಬಲ್ಸ್‌ಗೆ ಅಗಲ 36, ಸಿಂಗಲ್ಸ್‌ಗೆ 27, ಬಲೆಯಿಂದ ಸರ್ವಿಸ್ ಗೆರೆಗೆ 21. ತೊಂದರೆ ಇರುವುದು ಮೂಲೆ ಸರಿ ಮಾಡೋದರಲ್ಲಿ. ಅದಕ್ಕೆ ಮೂಲೆಯಿಂದ ಮೂಲೆಗೆ ನೂಲು ಹಿಡಿಯಬೇಕು. 78ಕ್ಕೆ 36 ಆದರೆ ಕರ್ಣ 85 ಅಡಿ 11 ಇಂಚು, ಕೂದಲೆಳೆ ಕಮ್ಮಿ. ಎರಡೂ ಕರ್ಣ ಒಂದೇ ಬಂದರೆ ಕೋರ್ಟು ಚೌಕ. ನನಗೆ ಒಂದು 85 ಅಡಿ 11 ಬಂತು, ಇನ್ನೊಂದು 86 ಅಡಿ 3. ಎರಡು ಸಲ ಅಳೆದೆ. ಟೇಪು ಬದಲಿಸಿದೆ. ಕೊನೆಗೆ ನೋಡಿದರೆ ನಾನು ನಂಬಿಕೊಂಡಿದ್ದ ಹಳೇ ಬಲೆ ಕಂಬಗಳೇ ಒಂದಕ್ಕೊಂದು ನೇರ ಇರಲಿಲ್ಲ, ಒಂದು ಮುಂದಕ್ಕೆ ಸರಿದಿತ್ತು. ಯಾವುದೋ ಮದುವೆಗೆ ಕಿತ್ತು ಅಂದಾಜಿಗೆ ನೆಟ್ಟಿರಬೇಕು. 42 ಅಡಿ ಅಂತರಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿ ನಿಲ್ಲಿಸಿದೆವು.

ಗೆರೆಗೆ ಪ್ಲಾಸ್ಟಿಕ್ ಪಟ್ಟಿ ಮೊಳೆ ಹೊಡೆಯುವುದು ಈಗಿನ ರೂಢಿ. ನಾವು ಸುಣ್ಣಕ್ಕೇ ನಿಂತೆವು. ಎರಡು ಹಲಗೆ ನಡುವೆ ಎರಡಿಂಚು ಸಂದು ಬಿಟ್ಟು, ಸ್ವಲ್ಪ ಗೋಂದು ಬೆರೆಸಿದ ಸುಣ್ಣ ಬಳಿಯೋದು. ಮಳೆ ಬಂದರೆ ಮತ್ತೆ ಬಳಿಯಬೇಕು. ಅಜ್ಜನಿಗೆ ಇದೊಂದು ಕೆಲಸ ಬೇರೆಯವರಿಗೆ ಬಿಡಲು ಇಷ್ಟವಿಲ್ಲ. ಕೈ ನಡುಗುತ್ತದೆ, ಗೆರೆ ನಡುಗುವುದಿಲ್ಲ.

ಬಲೆಯ ನಡು ಮೂರಡಿ ಎತ್ತರ ಇರಬೇಕು. ಟೇಪು ಬೇಡ. ಒಂದು ರಾಕೆಟ್ ನಿಲ್ಲಿಸಿ, ಅದರ ಮೇಲೆ ಇನ್ನೊಂದರ ತಲೆ ಅಡ್ಡ ಇಟ್ಟರೆ ಸರಿಯಾಗಿ ಬರುತ್ತದೆ: 27 ಇಂಚು, ಮೇಲೆ ಒಂಬತ್ತು. ಸ್ಟೋರ್ ರೂಮಿನಲ್ಲಿ ಸಿಕ್ಕಿದ ಮರದ ರಾಕೆಟ್ಟು ಹಿಡಿದು ನೋಡಿದೆ, ಅದರ ತಲೆ ಚಿಕ್ಕದು, ಬಲೆ ತಗ್ಗುತ್ತದೆ. ಆ ರಾಕೆಟ್ಟುಗಳು ಸೊಟ್ಟಗಾಗದ ಹಾಗೆ ನಾಲ್ಕು ತಿರುಪಿನ ಮರದ ಚೌಕಟ್ಟಿನಲ್ಲಿ ಬಿಗಿದಿಟ್ಟಿದ್ದರು. ತಿರುಪು ತೆಗೆದಾಗ ಮೂರು ನೇರವಾಗಿದ್ದವು, ನಾಲ್ಕನೆಯದನ್ನು ಗೆದ್ದಲು ತಿಂದಿತ್ತು.

ಚೆಂಡು ಹೇಗೆ ಏಳುತ್ತದೆ ಅಂತ ನೋಡಲೇಬೇಕಲ್ಲ. ಟೆನಿಸ್ ಚೆಂಡಿಗೆ ಒಂದು ಪರೀಕ್ಷೆ ಇದೆ, 100 ಇಂಚು ಎತ್ತರದಿಂದ ಕಾಂಕ್ರೀಟ್ ಮೇಲೆ ಬಿಟ್ಟರೆ 53ರಿಂದ 58 ಇಂಚು ಏಳಬೇಕು. ಎಂಟಡಿ ನಾಲ್ಕಿಂಚಿನ ಬಿದಿರಿಗೆ ಗುರುತು ಹಾಕಿಕೊಂಡೆ. ಕ್ಲಬ್ಬಿನ ಜಗಲಿ ಮೇಲೆ ಹೊಸ ಚೆಂಡು 55 ಬಂತು. ನವೆಂಬರಿನಲ್ಲಿ ಹಳೇ ಕೋರ್ಟಿನ ಒದ್ದೆ ಮೂಲೆಯಲ್ಲಿ ಅದೇ ಥರದ ಚೆಂಡು 38 ಬಂದಿತ್ತು. ಈಗ ಹನ್ನೆರಡು ಕಡೆ ಬಿಟ್ಟರೆ 48ರಿಂದ 51ರ ಒಳಗೆ. ನೆಲ ಆಟವನ್ನು ತಿದ್ದುತ್ತದೆ ಅಂತ ನಾನು ನಂಬುತ್ತೇನೆ. ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ ಮದುವೆ ಹಾಲಿನಲ್ಲಿ ಬ್ಯಾಡ್ಮಿಂಟನ್ ಕಲಿತವರು. ಮದುವೆ ಇದ್ದ ದಿನ ಆಟ ಇಲ್ಲ. ಆ ಇಕ್ಕಟ್ಟಿನ ಜಾಗದಲ್ಲಿ ಕಲಿತ ನಯದ ಕೈ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಿತು. ನಮ್ಮಲ್ಲಿ ಅಂಥವರು ಹುಟ್ಟುತ್ತಾರೆ ಅಂತಲ್ಲ. ಮದುವೆಗೆ ಜಾಗ ಕೊಟ್ಟೂ ಆಟ ಉಳಿಸಿಕೊಳ್ಳಬಹುದು ಅಂತ ನಮ್ಮ ಕಮಿಟಿಗೆ ಹೇಳಲು ಒಂದು ಉದಾಹರಣೆ ಬೇಕಿತ್ತು. ಪೆಂಡಾಲು ಈಗ ಮುಂದಿನ ಅಂಗಳಕ್ಕೆ ಹೋಗಿದೆ.

ಹೂಮಳೆ ಬಂದದ್ದು ಗೆರೆ ಹಾಕಿದ ಮಾರನೇ ದಿನ. ಕಾಫಿಯವರಿಗೆ ಹಬ್ಬ, ನನಗೆ ಎದೆ ಡವಡವ. ಒಂದು ಗಂಟೆ ಹೊಡೆಯಿತು. ನಿಂತ ಮೇಲೆ ಗಡಿಯಾರ ಹಿಡಿದು ಕೂತೆ. ದಕ್ಷಿಣದ ಅರ್ಧ 50 ನಿಮಿಷಕ್ಕೆ ಕಾಲಿಡುವ ಹಾಗಾಯಿತು. ಉತ್ತರದ ಮೂಲೆಯಲ್ಲಿ ಒಂದು ತಟ್ಟೆಯಷ್ಟು ನೀರು ಸಂಜೆ ತನಕ ನಿಂತಿತ್ತು. ಸುಣ್ಣದ ಗೆರೆ ಎಲ್ಲ ಹಾಲು.

ಮೊದಲ ಆಟ ಯಾರು ಆಡಬೇಕು ಅಂತ ಸಭೆಯಲ್ಲಿ ಗಲಾಟೆ. ಅಷ್ಟರಲ್ಲಿ ಒಂದು ಬೆಳಗ್ಗೆ ಆರಕ್ಕೆ, ಯಾರನ್ನೂ ಕೇಳದೆ, ಅಜ್ಜ ಮತ್ತು ಸರ್ಕಾರಿ ಹೈಸ್ಕೂಲಿನ ಒಬ್ಬ ಹುಡುಗಿ ಚೆಂಡು ಹೊಡೆಯುತ್ತಿದ್ದರು. ಅವಳು ಬರಿಗಾಲಲ್ಲಿ. ಅಜ್ಜ ನಿಂತ ಜಾಗದಿಂದ ಕದಲದೆ, ಪ್ರತಿ ಚೆಂಡನ್ನೂ ಅವಳ ಮುಂಗೈಗೆ ಸರಿಯಾಗಿ ಕಳಿಸುತ್ತಿದ್ದರು. ಜೊತೆ ಸಿಗದ ಸದಸ್ಯರಿಗೆ ನಲವತ್ತು ವರ್ಷ ಕಳಿಸಿದ ಹಾಗೇ. ಆಮೇಲೆ ಸಭೆಯಲ್ಲಿ ಬೆಳಗ್ಗೆ ಆರರಿಂದ ಎಂಟು ಶಾಲೆ ಮಕ್ಕಳಿಗೆ ಎಂದು ಬರೆದುಕೊಂಡರು. ಶೂ ಕಡ್ಡಾಯ ಅನ್ನುವ ಹಳೇ ನಿಯಮದ ಬಗ್ಗೆ ಒಬ್ಬರು ಎದ್ದರು. ಮಣ್ಣಿನ ಕೋರ್ಟಿಗೆ ಬರಿಗಾಲಿಗಿಂತ ಒಳ್ಳೇ ಶೂ ಇಲ್ಲ ಅಂತ ನಾನು ಹೇಳಿದೆ. ಹಳ್ಳ ಬೀಳಿಸುವುದು ಹಲ್ಲುಹಲ್ಲಾದ ಅಂಗಾಲಿನ ಜಾಗಿಂಗ್ ಶೂಗಳು. ಕೊಡಗಿನ ತೋಟದಿಂದ ಹೋದ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಿದ್ದನ್ನು ನಮ್ಮ ಸದಸ್ಯರು ಈಗ ಬೇರೆ ಕಾರಣಕ್ಕೆ ನೆನೆಯುತ್ತಾರೆ. ಅರವತ್ತರವರೂ ರಾಕೆಟ್ ಹಿಡಿದು ಬರುತ್ತಿದ್ದಾರೆ.

ಜೂನ್ ತಲೆಗೆ ಬಂತು

ನಮ್ಮ ಕಡೆ ಮಳೆ ಅಂದರೆ ಸುಮ್ನೆ ಮಳೆಯಲ್ಲ. ಹನಿ ಬಿದ್ದ ಏಟಿಗೇ ಮಣ್ಣು ಎದ್ದು ಹೋಗುತ್ತದೆ. ಟಾರ್ಪಾಲು ಹೊದಿಸೋಣ ಅಂದುಕೊಂಡಿದ್ದೆ. ಅಜ್ಜ ಬೇಡ ಅಂದರು, ಕೆಳಗೆ ಬೆವರಿ ಕೊಳೆಯುತ್ತದಂತೆ. ಮಣ್ಣಿನ ಗೋಡೆಗೆ ಕಟ್ಟುವ ಹಾಗೆ ಅಡಿಕೆ ಸೋಗೆ ಹೊದಿಸಿದೆವು, ತಗ್ಗಿನ ಕಡೆಯಿಂದ ಹೆಂಚಿನ ಹಾಗೆ ಒಂದರ ಮೇಲೊಂದು, ಮೇಲೆ ಅಡಿಕೆ ದಬ್ಬೆ. ನಾಲ್ಕು ತೋಟದಿಂದ ಸೋಗೆ ಬಂತು. ಒಬ್ಬರೂ ದುಡ್ಡು ಕೇಳಲಿಲ್ಲ.

ಅಕ್ಟೋಬರ್

ಸೋಗೆ ತೆಗೆದದ್ದು ಹೋದ ವಾರ. ಅರ್ಧ ಸೋಗೆ ಗೆದ್ದಲಿಗೆ, ಒಂದು ಕೇರೆಹಾವು, ಲೆಕ್ಕ ಇಲ್ಲದಷ್ಟು ಎರೆಹುಳದ ಗುಪ್ಪೆ. ಗುಪ್ಪೆಗಳನ್ನು ಒಣಗಿಸಿ ಗುಡಿಸಿದೆವು. ಒದ್ದೆಯಲ್ಲಿ ಗುಡಿಸಿದರೆ ಮೆತ್ತಿಕೊಂಡು ಜಾರುತ್ತದೆ. ಗರಿಕೆ ಒಂದೇ ಕಡೆ, ಪೂರ್ವದ ಅಂಚಿಗೆ. ಪಾಚಿ ಇಲ್ಲ. ಟ್ಯೂಬ್ ಲೆವೆಲ್ ಹಿಡಿದರೆ ಇಳಿತ ಹಾಗೇ ಇದೆ, 60 ಅಡಿಗೆ ಎರಡಿಂಚು. ಉತ್ತರದ ಮೂಲೆ ಇನ್ನೂ ಅರ್ಧ ಇಂಚು ಕೂತಿದೆ. ನಾನು ಗೋಡು ಜಾಸ್ತಿ ಹಾಕಿದ್ದ ಜಾಗವೇ ಅದು, ಪೂರ್ತಿ ಕೆತ್ತಿರಲಿಲ್ಲ ಅಂತ ಕಾಣುತ್ತದೆ. ದೀಪಾವಳಿ ಒಳಗೆ ಅದನ್ನು ಅಗೆದು ಹೊಸದಾಗಿ ಹಾಕಬೇಕು. ಅರ್ಧ ಲೋಡು ಇಟ್ಟಿಗೆ ಪುಡಿಗೆ ಹೇಳಿದ್ದೇನೆ.

ಸ್ಟೋರ್ ರೂಮಿನ ಬಾಗಿಲ ಹಿಂದೆ ಒಂದು ಸ್ಲೇಟು ತೂಗುಹಾಕಿದ್ದೇವೆ. ನೀರು ಯಾರು, ಗುಂಡು ಯಾರು, ಗೆರೆ ಯಾರು ಅಂತ ಅದರಲ್ಲಿ ದಿನಾ ಬರೆಯಬೇಕು. ಗೆರೆಯ ಮುಂದೆ ಏಳೂ ದಿನ ಅಜ್ಜನ ಹೆಸರಿದೆ. ನೀರಿನ ಸಾಲಿನಲ್ಲಿ ಶನಿವಾರ, ಭಾನುವಾರ ಆ ಹುಡುಗಿ ಮತ್ತು ಅವಳ ತಮ್ಮ. ಮಂಗಳವಾರದ್ದು ಇಸ್ಪೀಟು ಮೇಜಿನ ಇಬ್ಬರು, ಎರಡು ವಾರದಲ್ಲಿ ಒಂದು ಸಲ ತಪ್ಪಿಸಿದ್ದಾರೆ. ಬುಧವಾರ ನನ್ನದು. ನಾಳೆ ಬುಧವಾರ, ಪೈಪಿನ ಕ್ಲಿಪ್ಪು ಸೋರುತ್ತಿದೆ, ಅಂಗಡಿಯಿಂದ ಒಂದು ತೆಗೆದುಕೊಂಡು ಹೋಗಬೇಕು.